ಹದಿನಾಲ್ಕು ಮುಖ

ತಾಮ್ರದ ಉಪ್ಪು ಮೊದಲು ಕರಗಬೇಕು.
ಬೋರಿನ ನೀರು ನಡೆಯುವುದಿಲ್ಲ, ಅದರಲ್ಲಿ ಸುಣ್ಣ ಜಾಸ್ತಿ;
ತಿಪ್ಪಣ್ಣ ನಸುಕಿಗೇ ಬಟ್ಟಿ ಇಳಿಸಿಟ್ಟ ನೀರು.
ನೀಲಿ ಉಗುರಿನ ಸಂದಿಗಿಳಿದು
ರೊಟ್ಟಿ ಮುರಿಯುವಾಗಲೂ ಅಲ್ಲೇ ಇರುತ್ತದೆ.

ಆಮೇಲೆ ಮೂರು ಕೈಯ ಆಮ್ಲ.
ಒಂದೊಂದು ಕೈಯೂ ತಾಮ್ರ ಹಿಡಿಯುತ್ತದೆ,
ತಾಮ್ರ ಇನ್ನೊಂದು ಕೈಯನ್ನು, ಅದು ಮತ್ತೊಂದನ್ನು:
ಹೊಸ್ತಿಲು, ಕೋಣೆ, ಕಿಟಕಿ, ಮತ್ತೆ ಕೋಣೆ,
ಒಳಗೆ ಬರೀ ಖಾಲಿ.
ನಮಗೆ ಬೇಕಾದದ್ದು ಆ ಖಾಲಿಯೇ.

ಎಂಬತ್ತೈದು ಡಿಗ್ರಿ. ಹದಿನೆಂಟು ತಾಸು.
ಹೊರಗೆ ಕಲಬುರಗಿಯ ಮೇ ತಿಂಗಳು, ನಲವತ್ತನಾಲ್ಕು.
"ಒಲಿ ಯಾಕ್ರಿ ಮೇಡಂ, ಮಾಳಗಿ ಮ್ಯಾಲ ಇಡ್ರಿ"
ಎಂದು ತಿಪ್ಪಣ್ಣ ದಿನಾ ಅದೇ ಜೋಕು ಹೇಳುತ್ತಾನೆ.
ದಿನಾ ನಗುತ್ತೇನೆ.

ಪ್ರತಿ ಸಲವೂ ಎಂಟು ಮುಖ,
ಎರಡು ಪಿರಮಿಡ್ಡುಗಳ ಬುಡಕ್ಕೆ ಬುಡ ಹಚ್ಚಿದ ಹಾಗೆ.
ನನಗೆ ಬೇಕಿದ್ದದ್ದು ಘನ, ಆರು ಮುಖದ್ದು,
ಲೂಡೋ ದಾಳದಂಥದ್ದು.
ಒಂದೂವರೆ ವರ್ಷ.

ಶಹಾಬಾದಿನಲ್ಲಿ ಅಪ್ಪ ಫರ್ಸಿಯ ಅಂಚು ತಿಕ್ಕುತ್ತಾನೆ.
ಊಟಕ್ಕೆ ಕೂತಾಗಲೂ ಹುಬ್ಬಿನಲ್ಲಿ ಬೂದು ಧೂಳು.
"ಕಡಿಯಂಗಿಲ್ಲ, ತಿಕ್ಕಂಗಿಲ್ಲ,
ಮತ್ತ ಮೂಲಿ ಹೆಂಗ ಬರ್ತದವ್ವಾ?"
"ಬೆಳೀತಾವಪ್ಪಾ, ತಮ್ಮಷ್ಟಕ್ಕೆ ತಾವೇ."
"ಹಂಗಾದ್ರ ನೀ ಏನ್ ಮಾಡ್ತಿ?"

ನಾನು ತಡೆಯುತ್ತೇನೆ.

ಹೇಳಿದರೆ ಯಾರೂ ನಂಬುವುದಿಲ್ಲ:
ಓಡೋಡಿ ಬೆಳೆಯುವ ಮುಖ
ಬೆಳೆಬೆಳೆದಂತೆ ಕಿರಿದಾಗಿ, ಬರೀ ಒಂದು ಚೂಪಾಗಿ,
ಆಮೇಲೆ ಮುಖವೇ ಇರುವುದಿಲ್ಲ.
ಹಿಂದೆ ಬಿದ್ದದ್ದು ಅಗಲವಾಗುತ್ತ ಹೋಗುತ್ತದೆ.
ಹರಳಿನಲ್ಲಿ ಕೊನೆಗೆ ಕಣ್ಣಿಗೆ ಬೀಳುವುದು
ತಡವಾಗಿ ಬಂದವೇ.

ರುಕ್ಮೊದ್ದೀನ್ ಸರ್ ಹೇಳಿದ್ದರು:
ಉಳಿಯಬೇಕಾದ ಮುಖಕ್ಕೆ ಏನಾದರೂ ಅಂಟಿಸು,
ಬಂದವರನ್ನು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಲ್ಲಿಸು.
ವಿನಿಗರ್ ಹಾಕಿದೆ. ಇರುವೆಯ ಹುಳಿ ಹಾಕಿದೆ.
ಎಂಟು ಮುಖ.

ಒಂದು ರವಿವಾರ ಅವ್ವ
ನನ್ನ ತಲೆಯನ್ನು ಮೊಣಕಾಲ ನಡುವೆ ಹಿಡಿದು
ಕೊಬ್ಬರಿ ಎಣ್ಣೆ ತಟ್ಟುತ್ತಿದ್ದಳು.
"ಸುಮ್ ಕೂಡು. ಅಲ್ಲಾಡಿದ್ರ ಬೈತಲಿ ಸೊಟ್ಟ ಆಗ್ತದ."
ಎಣ್ಣೆ ಹಣೆಗಿಳಿಯಿತು.
ಕೊಬ್ಬರಿ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಲಾರಿಕ್ ಆಮ್ಲ;
ನಮ್ಮ ಕಪಾಟಿನ ಮೂರನೇ ಸಾಲಿನಲ್ಲೇ ಇತ್ತು,
ಬಿಳಿ ಹಳಕು, ಮೇಣದಂಥದ್ದು.
ತಲೆ ತಾಮ್ರಕ್ಕೆ ಅಂಟುತ್ತದೆ,
ಉದ್ದನೆಯ ಬಾಲ ಹೊರಗೆ ನೇತಾಡುತ್ತದೆ.
ಅಲ್ಲಾಡದೆ ಕೂತೆ.

ಎಣ್ಣೆಯ ಜಾತಿ, ನೀರಿಗೆ ಹೊಂದುವುದಿಲ್ಲ.
ಸ್ಪಿರಿಟ್ ತಂದು ಅದರಲ್ಲಿ ಕಲಸಿದೆ.
ಸಂಜೆ ಆರಕ್ಕೆ ಒಲೆಗಿಟ್ಟದ್ದು;
ರಾತ್ರಿ ಎರಡು ನಲವತ್ತಕ್ಕೆ ಕರೆಂಟ್ ಹೋಯಿತು.
ಜನರೇಟರಿನ ಡೀಸೆಲ್ ಯಾರದೋ ಸಹಿಗೆ ಕಾಯುತ್ತಿತ್ತು.
ಕೆಂಪು ಅಂಕಿ ಆರಿತು.
ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳು.
ಒಲೆಯ ಬಾಗಿಲಿಗೆ ಅಂಗೈ ಇಟ್ಟುಕೊಂಡು
ಬಿಸಿ ಇಳಿಯುವುದನ್ನು ಕಾದೆ,
ಜ್ವರದ ಮಗುವಿನ ಹತ್ತಿರ ಕೂತವರ ಹಾಗೆ, ಉಲ್ಟಾ.

ಚಿಟಿಕೆ ನೀಲಿ ಪುಡಿ
ಹೈದರಾಬಾದಿನ ಬಸ್ಸಿಗೆ, ಕಂಡಕ್ಟರನ ಕಿಸೆಯಲ್ಲಿ.
ಅಷ್ಟು ಸಣ್ಣದನ್ನು ನೋಡುವ ಯಂತ್ರ ಅಲ್ಲಿದೆ.
ಪಾಳಿಯೂ ಇದೆ.

ಹನ್ನೊಂದು ದಿನಕ್ಕೆ ಫೋನಿನಲ್ಲಿ ಬೂದು ಚಿತ್ರ.
ಘನ ಅಲ್ಲ, ಹಳೆಯದೂ ಅಲ್ಲ.
ಆರು ಚೌಕ, ಎಂಟು ತ್ರಿಕೋನ.
ಕಾಣದ ಹಿಂಬದಿಯನ್ನು ಬೆರಳಲ್ಲಿ ಎಣಿಸಿದೆ.
ಒಂದು ಆಕಾರದಿಂದ ಇನ್ನೊಂದಕ್ಕೆ ಹೊರಟು
ನಡುದಾರಿಯಲ್ಲಿ ನಿಂತುಬಿಟ್ಟದ್ದು,
ಸಾವಿರಾರು, ಎಲ್ಲವೂ ಒಂದೇ ತೆರ,
ಗಿರಣಿಯ ಮುಂದೆ ಚೆಲ್ಲಿದ ತೊಗರಿಯ ಹಾಗೆ.

ಸರ್ ಕನ್ನಡಕ ಹಣೆಗೇರಿಸಿ ನೋಡಿದರು.
"ಶೀರ್ಷಿಕೆದಾಗ ಘನ ಅಂತ ಬರ್ದೀದಿ."
ಬಹಳ ಹೊತ್ತು ನೋಡಿದರು.
"ಕರೆಂಟ್ ಇದ್ದಾಗ ಬರ್ತದೇನು ಇದು?"

ಇವತ್ತು ಕರೆಂಟ್ ಇದೆ.
ಆರಕ್ಕೆ ಒಲೆಗಿಟ್ಟದ್ದು.
ತಿಪ್ಪಣ್ಣ ಬೆಂಚಿನ ಮೇಲೆ ಗೊರಕೆ.
ಎರಡು ಮೂವತ್ತೊಂಬತ್ತು.
ಸ್ವಿಚ್ಚಿನ ಮೇಲೆ ನನ್ನ ಬೆರಳು,
ಅದರಲ್ಲಿ ಇನ್ನೂ ಅವ್ವನ ಎಣ್ಣೆಯ ವಾಸನೆ.