ಅನುಭವದ ಕಾಲಂ

ಗಣೇಶಪೇಟಿ ಮೀನ ಮಾರ್ಕೆಟ್ಟಿನ ಹಿಂದ
ಬರ್ಫದ ಅಂಗಡಿ ಮ್ಯಾಲ ಸಂಸ್ಥೆಯ ಖೋಲಿ.
ಏಣಿಯಂಥ ಮೆಟ್ಟಲ, ಹಿಡಿಯಾಕ ಒಂದು ಹಗ್ಗ.
ಬೆಂಚಿನ ಮ್ಯಾಲ ನಾವು ಆರು ಮಂದಿ, ನಡುವ ಬೆಕ್ಕು;
ಅದಕ್ಕೊಂದ ನೌಕರಿ ಪಕ್ಕಾ ಆದಂಗ ಮಲಗಿತ್ತು.

ಕೆಲಸ ಇಷ್ಟ: ಪಟ್ಟಿ ಕೊಡ್ತಾರ, ಫೋನ್ ಹಚ್ಚಬೇಕು.
ಭಾಂಡೆ ತಿಕ್ಕೋರಿಗೆ, ಬೀಡಿ ಕಟ್ಟೋರಿಗೆ,
ಬೆಳಕು ಹರಿಯೋದರಾಗ ರಸ್ತೆ ಕಸಾ ಹೊಡಿಯೋರಿಗೆ
"ಇಂಥಾದೊಂದು ನಿಮಗ ಬರೋದೈತ್ರಿ, ಬಿಡಬ್ಯಾಡ್ರಿ" ಅನ್ನಬೇಕು.
ತಿಂಗಳಿಗೆ ಒಂಬತ್ತು ಸಾವಿರ. ಚಹಾ ಅವರದ.

ಹೆಸರು: ದ್ರಾಕ್ಷಾಯಣಿ ಹೂಗಾರ.
ಆಧಾರಿನ್ಯಾಗ ದ್ರಾಕ್ಷಿ, ಮಾರ್ಕ್ಸ್ ಕಾರ್ಡಿನ್ಯಾಗ ದಾಕ್ಷಿ,
ನಡುವ ಗೀಟು ಎಳೆದು ಎರಡೂ ಬರೆದೆ.
ವಿದ್ಯೆ: ಬಿ.ಎ., ಕೊನೇ ಸೆಮಿಸ್ಟರಿನ ಇಂಗ್ಲಿಷು ಬಾಕಿ.
ಭಾಷೆ: ಕನ್ನಡ, ಹಳೇ ಹುಬ್ಬಳ್ಳಿಯ ಉರ್ದು,
ಮರಾಠಿ, ಜಗಳಕ್ಕ ಸಾಲುವಷ್ಟು.
ಅನುಭವ:
ಇಲ್ಲೆ ಪೆನ್ನು ನಿಂತಿತು.

ಎರಡು ವರ್ಷ ಏಳು ತಿಂಗಳು
ಗೋಕುಲ ರೋಡಿನ ಸಾಲದ ಕಂಪನಿ.
ಅಲ್ಲೆ ನನ್ನ ಹೆಸರು ಪ್ರಿಯಾ.
ನನಗಿಂತ ಮುಂಚೆ ಆ ಕುರ್ಚಿಯಾಗ ಕುಂತಾಕಿನೂ ಪ್ರಿಯಾ.
"ಕಂತು ಯಾವಾಗ ಕಟ್ತೀರಿ?"
"ಮಗಳು ಯಾವ ಸಾಲಿಗೆ ಹೋಗ್ತಾಳ? ಅಲ್ಲೇ ಬಂದು ಕೇಳೂಣೇನ್ರಿ?"
ಬರೆದು ಕೊಟ್ಟ ಮಾತು ಇವು, ನನ್ನವಲ್ಲ ಅಂತ
ಮಲ್ಲಿಗಿ ಕಟ್ಟುವಾಗ ಅವ್ವನ ಮುಂದ ಅಂದಿದ್ದೆ.
ಅವ್ವ ದಾರ ಹಲ್ಲಿಲೆ ಕಡಿದ್ಳು. ಏನೂ ಅನ್ನಲಿಲ್ಲ.

ಆಕಿಗೆ ಹೇಳದ್ದು ಒಂದೈತಿ.
ಆ ಹಾಳಿಯೊಳಗ ಸುಮ್ಮನಿರೋದು ಎಲ್ಲೂ ಬರೆದಿರಲಿಲ್ಲ.
ಅದು ನನ್ನದ, ನಾನ ಕಂಡುಹಿಡಿದದ್ದು:
ಬೆದರಿಕಿ ಹಾಕಿ, ಒಂದು, ಎರಡು, ಮೂರು, ನಾಕು
ಎಣಿಸೂತನಕ ಉಸಿರೂ ಕೇಳಿಸಬಾರದು.
ಅಷ್ಟರಾಗ ಆ ಕಡಿಯಾಕಿ ತಾನ ಒಡೀತಿದ್ಳು,
ಜುಮಕಿ ಅಡವಿಟ್ಟು ತರ್ತೇನಿ ಅಂತಿದ್ಳು.
ಅದಕ್ಕ ಕಂಪನಿ ನನಗೊಂದು ಮಿಕ್ಸರ್ ಕೊಟ್ಟಿತು.
ಈಗ್ಲೂ ಛಲೋ ನಡೀತೈತಿ.

ಬಿಲ್ಕೀಸ್ ಮೇಡಂ ಕರೆದ್ರು.
ಮೂಗಿನ ತುದಿಗೆ ಚಷ್ಮಾ, ಮುಂದೊಂದು ಗುಂಡಿ ಫೋನು.
"ಅನುಭವ ಖಾಲಿ ಬಿಟ್ಟೀರಿ?"
"ಆಮ್ಯಾಲ ತುಂಬತೇನ್ರಿ."
"ಇರ್ಲಿ, ಒಂದು ಫೋನ್ ಮಾಡ್ರಿ, ಕೇಳೂಣು.
ಫಕೀರವ್ವ ಬಾರಕೇರ, ಬಿಡನಾಳ."

ಗಂಟಿ ಏಳು ಸಲ ಬಡೀತು.
"ನಮಸ್ಕಾರ್ರಿ, ನಾ ದ್ರಾಕ್ಷಾಯಣಿ..."
ಕೆಲಸದ ಫೋನಿನ್ಯಾಗ ಆ ಹೆಸರು ಹೇಳಿದ್ದು ಅದ ಮೊದಲ.
ನಾಲಿಗಿ ಎಡವಿತು, ಮುಂದಿನ ಮಾತು ಬರಲಿಲ್ಲ.
ಒಂದು. ಎರಡು. ಮೂರು.
ನಾಕು ಆಗೋದರಾಗ ಆಕಿ ಅಂದ್ಳು:
"ಪ್ರಿಯಾ ಹೌದಲ್ಲ ನೀ?
ಹೆಸರು ಬದಲ್ ಮಾಡೀದಿ ಖರೆ,
ನಿನ್ನ ಸುಮ್ಮಕಿರೂದು ಗುರ್ತು ಸಿಗ್ತೈತಿ.
ಆ ಸಾಲ ಮುಗದೈತಿ ಯವ್ವಾ. ರಶೀದಿ ಐತಿ ನನ್ನ ಹತ್ರ."

ಫೋನ್ ಇಟ್ಟುಬಿಡಬಹುದಿತ್ತು. ಮೇಡಂ ನೋಡಾಕತ್ತಿದ್ರು.
"ಹೌದ್ರಿ, ನಾನ. ಈಗ ಬ್ಯಾರೆ ಕಡಿಂದ..."
"ಎಲ್ಲಿಂದರ ಹಚ್ಚು. ಹಚ್ಚೀದಿ ಅಂದಮ್ಯಾಲ ಕೇಳು.
ಅವಾಗ ನಾ ಹೇಳಿದ್ದು ಒಂದೂ ನೀ ಕೇಳಲಿಲ್ಲ."

ಕೇಳಿದೆ. ನಾಕು ಮನಿ ಭಾಂಡೆ ತಿಕ್ಕಿ
ಹೆಬ್ಬಟ್ಟಿನ ಗೆರಿ ಸವದಾವು;
ರೇಶನ್ ಮಶೀನು ನೀ ಅಕಿ ಅಲ್ಲ ಅಂತೈತಿ.
ವಿದ್ಯಾನಗರದ ಬಾಯಾರು ಒಡದ ಕಪ್ಪಿನ ಲೆಕ್ಕ ಹಚ್ಚಿ
ದೀಪಾವಳಿ ತಿಂಗಳ ಪಗಾರ ಹಿಡಿದಾರ.
ಕಪ್ಪು ಒಡದದ್ದು ಅವರ ಮಮ್ಮಗ. ಎರಡು ಸಲ ಹೇಳಿದ್ಳು.
ಹಾಳಿ ಇರಲಿಲ್ಲ; ಅರ್ಜಿ ತಿರುವಿ ಹಿಂದ ಬರಕೊಂಡೆ.
ಆಕಿ ನಡುನಡುವ ನಿಲ್ತಿದ್ಳು.
ನಾನೂ ನಿಂತೆ. ಎಣಿಸಲಿಲ್ಲ.

ಮೇಡಂ ಹಾಳಿ ಇಸಕೊಂಡು
ಮುಂದ ನೋಡಿದ್ರು, ಹಿಂದ ನೋಡಿದ್ರು.
"ಇದು ಯಾರ ಅರ್ಜಿ?"
"ಫಕೀರವ್ವಂದ್ರಿ."

ಕೆಳಗ ಬರ್ಫ ಒಡಿಯೋ ಸಪ್ಪಳ.
ಹೊರಗ ಬಂದು ನೋಡಿದ್ರ
ಬೆಕ್ಕು ಸರದು ನನ್ನ ಜಾಗಾದಾಗ ಮಲಗಿತ್ತು.
ಎಬ್ಬಿಸಲಿಲ್ಲ. ಗ್ವಾಡಿಗೆ ಆನಿಕೊಂಡು ನಿಂತೆ.