ಹತ್ತನೆಯವರು

ಹಾರ್ವಿಚ್ ಬಂದರು, ಬೆಳಗಿನ ಆರೂವರೆ.
ಹಾಲೆಂಡಿನ ರಾತ್ರಿ ಹಡಗು ಬಾಯಿ ತೆರೆದು
ನಿದ್ದೆಗಣ್ಣಿನವರನ್ನು ಒಬ್ಬೊಬ್ಬರಾಗಿ ಉಗುಳುತ್ತದೆ.
ನೆಲಕ್ಕಂಟಿಸಿದ ಹಳದಿ ಪಟ್ಟಿಯ ಪಕ್ಕ ನಾನು,
ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಹಲಗೆ.
ಸುತ್ತ ನೀರಿರುವ ದೇಶ: ಬೇಲಿ ಹಾರಿ ಬರುವಂತಿಲ್ಲ,
ಹೋಗುವವರೂ ಬರುವವರೂ ಹೊಸಿಲು ದಾಟಲೇಬೇಕು,
ಹೊಸಿಲಿಗೊಬ್ಬಳು ಎಣಿಸುವವಳು.

ಪಟ್ಟಿ ದಾಟಿದ ಹತ್ತನೆಯವರನ್ನು ನಿಲ್ಲಿಸಬೇಕು.
ಮುಖ ನೋಡಿ ಆರಿಸುವಂತಿಲ್ಲ,
ಸಿಡುಕರನ್ನು ಬಿಡುವಂತಿಲ್ಲ.
ಗ್ಲೆನಿಸ್ ಬೆರಳಿನ ಯಂತ್ರ ಟಿಕ್ ಟಿಕ್ ಒತ್ತುತ್ತಾಳೆ.
ನಾನು ಬಾಯಲ್ಲೇ ಅಳೆಯುತ್ತೇನೆ,
ಗದಗಿನ ದಲ್ಲಾಳಿ ಅಂಗಡಿಯಲ್ಲಿ
ಫಕೀರಪ್ಪಜ್ಜ ಕಡಲೆ ಅಳೆದ ಹಾಗೆ:
ಲಾಭ, ಎರಡು, ಮೂರು...
ಒಂದು ಅನ್ನಬಾರದಂತೆ, ರಾಶಿಗೆ ಆಗಿಬರುವುದಿಲ್ಲ.
ಹಾಗಾಗಿ ಮೊದಲು ಕಾಲಿಟ್ಟವರು ಯಾರೇ ಆಗಲಿ
ನನ್ನ ಲೆಕ್ಕಕ್ಕೆ ಲಾಭ.
ಇವತ್ತು ಮೂಗು ಸೋರುವ ಒಂದು ಮಗು.

ಎಲ್ಲಿಂದ? ಏಕೆ? ಎಷ್ಟು ರಾತ್ರಿ? ಎಷ್ಟು ಖರ್ಚು?
ಏಕೆ ಎಂಬುದಕ್ಕೆ ಐದು ಮನೆ:
ವಿಹಾರ, ವ್ಯವಹಾರ, ನೆಂಟರಿಷ್ಟರು, ಓದು, ಇತರೆ.
ಗಂಡನಿಂದ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬಂದವಳು
ಯಾವ ಮನೆಯಲ್ಲಿ ಕೂರಬೇಕು?
'ನೀವೇ ಹೇಳಿ' ಅಂದಳು. ಇಬ್ಬರೂ ನಕ್ಕೆವು.
ಆಮೇಲೆ ಅವಳೇ ಬೆರಳು ಚಾಚಿ ವ್ಯವಹಾರ ಒತ್ತಿದಳು.

ಒಬ್ಬರ ಮಾತು ಒಬ್ಬರದಾಗಿ ಉಳಿಯುವುದಿಲ್ಲ ಇಲ್ಲಿ.
ಕಚೇರಿಯಲ್ಲಿ ಯಾರೋ ಅದನ್ನು ಸಾವಿರದಿಂದ ಗುಣಿಸುತ್ತಾರೆ.
ತಂಗಿಯ ಹೊಸ ಹಲ್ಲುಸೆಟ್ಟು ನೋಡಲು ಬಂದ ಒಬ್ಬ ಮುದುಕಿ
ವರ್ಷಾಂತ್ಯಕ್ಕೆ ಸಾವಿರ ಮುದುಕಿಯರಾಗಿ
ಸಾವಿರ ಬಾಯಿಗಳನ್ನು ಇಣುಕಿ ನೋಡಿ
ತಂಗಿಯರ ಮನೆಯಲ್ಲಿ ತಲಾ ಮೂರು ರಾತ್ರಿ ತಂಗಿ
ಮರಳುತ್ತಾರೆ.

ವರ್ಷಕ್ಕೊಮ್ಮೆ ವರದಿ, ಬಣ್ಣದ ಕಂಬಗಳು.
ಏರುತ್ತ ಬಂದು ನಡುವೆ ನೆಲಕಚ್ಚಿವೆ.
ಎಲ್ಲರೂ ಬಾಗಿಲು ಹಾಕಿಕೊಂಡ ಆ ದಿನಗಳಲ್ಲಿ
ಕಿಟಕಿಯಾಚೆಯ ಗುಬ್ಬಿಗಳನ್ನು ಎಣಿಸಿದ್ದೆ.
ಹತ್ತನೆಯದು ನಿಲ್ಲಲಿಲ್ಲ.
ಮತ್ತೆ ಏರು. ಮೇಲಧಿಕಾರಿ ಟೈಟಸ್ ಹೇಳುತ್ತಾನೆ:
ಬರುವವರು ಹೆಚ್ಚು, ಉಳಿಯುವ ರಾತ್ರಿ ಕಡಿಮೆ.
ಹೌದು, ಕೂತ ಹಾಗೆ ಮಾಡಿ ಎದ್ದು ಹೋಗುತ್ತಾರೆ.

ಆದರೆ ಆ ಬಕೆಟ್ಟಿನವನು.
ನವೆಂಬರಿನಲ್ಲಿ ಒಂದೇ ದಿನ, ಕಿವಿ ಮುಚ್ಚುವ ಟೊಪ್ಪಿ,
ಬಿಳಿ ಮುಚ್ಚಳದ ನೀಲಿ ಬಕೆಟ್ಟು,
ಬರುವಾಗ ಮೊಣಕಾಲಿಗೆ ಬಡಿದು ಡಬಡಬ ಅನ್ನುತ್ತದೆ.
ರಾತ್ರಿ ಪಾಳಿಯಿದ್ದರೆ ಮರಳುವುದನ್ನೂ ಕಾಣುತ್ತೇನೆ:
ಹನ್ನೊಂದರ ಹಡಗಿಗೆ, ಒಂದು ಹೆಗಲು ಜೋತು,
ಬಕೆಟ್ಟು ಮಾತಾಡುವುದಿಲ್ಲ.
ಏಳು ವರ್ಷ. ಒಮ್ಮೆ ಒಂಬತ್ತನೆಯವನು, ಒಮ್ಮೆ ನಾಲ್ಕು,
ಎರಡು ಸಲ ಲಾಭ.
ಒಮ್ಮೆ ಹತ್ತಾಗಬೇಕಿದ್ದವನು ಬೂಟಿನ ದಾರ ಕಟ್ಟಲು ಬಗ್ಗಿದ.
ಸುಳ್ಳು ಎಣಿಸಬಹುದಿತ್ತು, ಯಾರು ನೋಡುತ್ತಾರೆ?
ನಾಲಿಗೆ ಒಪ್ಪಲಿಲ್ಲ.

ಈ ಸಲ, ರಾತ್ರಿ, ಹತ್ತು ಎಂದಾಗ ಎದುರಿಗೆ ಬಕೆಟ್ಟು.
ಕೆಳಗಿಟ್ಟ. ಒಳಗೇನೋ ಮೆಲ್ಲಗೆ ಮಗ್ಗುಲಾಯಿತು.
ಹೆಸರು ಕೇಳುವ ಹಾಗಿಲ್ಲ.
ಏಕೆ ಬಂದಿದ್ದಿರಿ?
'ಇತರೆ' ಎಂದ, ಐದೂ ಮನೆ ಬಲ್ಲವನ ಹಾಗೆ.
ಎಷ್ಟು ರಾತ್ರಿ?
'ಸೊನ್ನೆ.'
ಖರ್ಚು?
'ಒಂದು ಟೀ, ಒಂದು ಬನ್ನು. ನಾಲ್ಕು ಪೌಂಡು ಇಪ್ಪತ್ತು.'

ಮುಗಿಯಿತು.
ಕೊಳ್ಳದೆ ಒಯ್ಯುವುದಕ್ಕೆ ಹಲಗೆಯಲ್ಲಿ ಪ್ರಶ್ನೆಯಿಲ್ಲ.
ಥ್ಯಾಂಕ್ಸ್ ಅಂದೆ. ಬಕೆಟ್ಟನ್ನು ಎಡಗೈಗೆ ಬದಲಿಸಿಕೊಂಡು
ಹಡಗಿನ ಬಾಯೊಳಗೆ ನಡೆದ.

ಮುಂದಿನ ವರದಿಯಲ್ಲಿ 'ಇತರೆ'ಯ ಕಂಬ
ಕೂದಲೆಳೆಯಷ್ಟು ಏರಿರುತ್ತದೆ:
ಸಾವಿರ ಟೊಪ್ಪಿ, ಸಾವಿರ ನೀಲಿ ಬಕೆಟ್ಟು,
ಒಂದು ರಾತ್ರಿಯೂ ತಂಗದೆ
ಈ ದ್ವೀಪದ ಏನನ್ನೋ ಇಷ್ಟಿಷ್ಟೇ ಹೊತ್ತು...

ಗ್ಲೆನಿಸ್ ಮೊಣಕೈ ತಿವಿದಳು:
ಆಗಲೇ ಇಬ್ಬರು ದಾಟಿದ್ದರು.
ಮೂರು, ಎಂದೆ.