ತಾಯಿಯ ಹೆಸರು ಮೊದಲು

ಆಮರ್‌ಲಾಂಡಿನ ಕಪ್ಪು ಮಣ್ಣಿನಲ್ಲಿ
ಮೊಗ್ಗು ಬಾಯಿಬಿಡುವ ಹಿಂದಿನ ದಿನವೇ ಹೋಗಬೇಕು.
ನಲವತ್ತು ಮೇ ತಿಂಗಳು ಗೆಶೆ ಓಲ್ಟ್‌ಮನ್ಸ್ ಹಾಗೆ ಹೋದಳು,
ಹಲ್ಲಿನ ನಡುವೆ ಚಿಮುಟ,
ಕೊರಳಲ್ಲಿ ದಾರ ಪೋಣಿಸಿದ ಚೀಟಿಗಳು.

ಮೊದಲು ದಳ ಕೀಳುತ್ತಾಳೆ, ಬಟಾಣಿ ಸುಲಿದಂತೆ.
ಆಮೇಲೆ ಹತ್ತು ಕೇಸರ. ಗಟ್ಟಿಯಾಗಿ ಎಣಿಸುತ್ತಾಳೆ, ತನ್ನ ಊರಿನ ಮಾತಿನಲ್ಲಿ:
ಒಂಬತ್ತಕ್ಕೆ ನಿಲ್ಲಿಸಿದರೆ
ರೋಡೊಡೆಂಡ್ರಾನ್ ತನ್ನನ್ನು ತಾನೇ ಮದುವೆಯಾದೀತು.
ಉಳಿಯುವುದು ಒಂದು ಬೋಳು ಕಡ್ಡಿ, ತುದಿಯಲ್ಲಿ ಅಂಟು.
ಕೂರಲು ಜಗಲಿಯಿಲ್ಲದ ಮನೆಗೆ ದುಂಬಿ ಬರುವುದಿಲ್ಲ,
ಚೀಲ ಕಟ್ಟುವುದು ಅಂಜುಬುರುಕರ ಕೆಲಸ, ಎನ್ನುತ್ತಾಳೆ.

ಗಂಡು ಬರುತ್ತಿದ್ದುದು ಅಂಚೆಯಲ್ಲಿ.
ಬ್ರೆಮೆನ್‌ನಿಂದ ಟ್ಯಾರ್ಕ್ ಲ್ಯೂರ್ಸೆನ್ ಕಳಿಸುತ್ತಿದ್ದ,
ಸಿಗರೇಟಿನ ತೆಳುಕಾಗದದಲ್ಲಿ ಮಡಿಚಿ,
ಮಾರ್ಚಿನಲ್ಲೇ ಅರಳಿ ಮುಗಿದ ತನ್ನ ಹಳದಿಯ ಪರಾಗ.
ಬಿಡಿಸಿದರೆ ಜೇಡನ ನೂಲಿನಂಥ ಎಳೆ,
ಎಳೆಯಲ್ಲಿ ಒಂದನ್ನೊಂದು ಹಿಡಿದು ನೇತಾಡುವ ಕಣಗಳು.
ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಎರಡು ತಿಂಗಳು ಕಾಯುತ್ತಿತ್ತು
ತಡವಾಗಿ ಏಳುವ ಹೆಣ್ಣಿಗಾಗಿ.

ಪುಸ್ತಕದಲ್ಲಿ ತಾಯಿಯ ಹೆಸರು ಮೊದಲು.
ನಡುವೆ ಗುಣಾಕಾರದ ಗುರುತು. ಆಮೇಲೆ ತಂದೆ.
ಕಾಯಿ ಹೊತ್ತವಳು ಯಾರೆಂದು ಕಣ್ಣಿಗೇ ಕಾಣುತ್ತದೆ,
ಇನ್ನೊಂದು ಹೆಸರು ಬರೀ ನಂಬುಗೆ ತಾನೆ.

ಆ ವರ್ಷ ಅಕ್ಟೋಬರಿನಲ್ಲಿ ಕಾಯಿ ಬಿರಿಯಿತು.
ಬೀಜವೆಂದರೆ ನಶ್ಯ; ಸೀನಿದರೆ ಒಂದು ಕಾಡೇ ಹಾರಿಹೋದೀತು.
ಎಂಟು ವರ್ಷ ನೀರು ಹೊತ್ತದ್ದಾಯಿತು.
ಮುನ್ನೂರು ಸಸಿಯಲ್ಲಿ ಇನ್ನೂರ ತೊಂಬತ್ತೆಂಟು ಬೆಂಕಿಗೆ,
ಒಂದು ಮೊಲಕ್ಕೆ.
ಉಳಿದ ಒಂದರಲ್ಲಿ ಹಳದಿ ಬರಬೇಕಿತ್ತು,
ಬಂದದ್ದು ಮಜ್ಜಿಗೆಯ ಬಣ್ಣ, ಗಂಟಲಲ್ಲಿ ವೈನಿನ ಕಲೆ.
ಜನ ಮುಗಿಬಿದ್ದರು.
"ಹಳದಿ ಒಳಗೆ ಕರಗಿದೆ" ಅಂದ ಟ್ಯಾರ್ಕ್,
ಪ್ರದರ್ಶನದಲ್ಲೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ,
"ನೋಡಿ, ನನ್ನದೇ ಮೂಗು."
ಇಪ್ಪತ್ತೇಳು ವರ್ಷ.

ಈ ಫೆಬ್ರವರಿಯಲ್ಲಿ ನಾನು ಎಲೆ ಕಿತ್ತು ಪ್ರಯೋಗಾಲಯಕ್ಕೆ ಒಯ್ದೆ.
ಡಿಎನ್ಎ ಗೆರೆಗಳನ್ನು ನಾನೇ ಓದಿದೆ, ಎರಡು ಸಲ.
ತಾಯಿ ಸರಿ.
ತಂದೆ, ಪಾದ್ರಿಮನೆಯ ಬೇಲಿಯಲ್ಲಿ ಬೆಳೆಯುವ
ಯಾರೂ ಹೆಸರಿಡದ ಒಂದು ಬಿಳಿ.

ಚಹಾದಲ್ಲಿ ಕಲ್ಲುಸಕ್ಕರೆ ಸಿಡಿಯುವುದನ್ನು ಕೇಳುತ್ತ
ಗೆಶೆ ಸ್ವಲ್ಪ ಹೊತ್ತು ಕೂತಳು.
ಪುಸ್ತಕ ತೆಗೆದಳು. ಮೇ ಇಪ್ಪತ್ತಮೂರು. ಬಿಸಿಲು. ಏಳು ಹೂ.
ಅಂಚಿನಲ್ಲಿ, ಸಣ್ಣಗೆ: ಫೋನು.
"ಆರು ಸುಲಿದಿದ್ದೆ. ಏಳನೆಯದಕ್ಕೆ ಕೈ ಹಾಕುವಾಗ
ಒಳಗೆ ಗಂಟೆ ಹೊಡೆಯಿತು.
ಅವನೇ. ಪರಾಗ ತಲುಪಿತೇ ಅಂತ ಕೇಳೋಕೆ."
ನಕ್ಕಳು, ಕೆಮ್ಮು ಬರುವವರೆಗೆ.

ಸುದ್ದಿ ಬ್ರೆಮೆನ್‌ಗೂ ಹೋಯಿತು, ಅಂಚೆಯಲ್ಲೇ.
ಉತ್ತರಕ್ಕೆ ಹದಿನೈದು ದಿನ.
ಕಾರ್ಡಿನಲ್ಲಿ ನಡುಗುವ ಅಕ್ಷರದ ಒಂದೇ ಸಾಲು:
ಹಾಗಾದರೆ ನನ್ನದು ಎಲ್ಲಿಗೆ ಹೋಯಿತು?

ನನಗೆ ಗೊತ್ತು. ಬರೆದಿಲ್ಲ.
ಆರು ಹೂವಿನಲ್ಲಿ ಅದು ತಲುಪಿತ್ತು.
ಆ ಸಸಿಗಳನ್ನೇ ನಾವು ಸುಟ್ಟದ್ದು.
ಏಳನೆಯದರಲ್ಲೂ ಅಂಟಿಗೆ ಅಂಟಿತ್ತು, ನಾಳ ಇಳಿಬಿಟ್ಟಿತ್ತು,
ಕಡ್ಡಿಯ ಕತ್ತಲಲ್ಲಿ ಅರ್ಧದವರೆಗೆ.
ಕೆಳಗೆ ಕೋಣೆಗಳು
ಆಗಲೇ ತುಂಬಿದ್ದವು.